ಹಳೆಯ ಗಿರಾಕಿ, ಹಳೆಯ ಜಾಗ
ಮಂಗಳೂರಿನ ಹೊರವಲಯದ ಸಣ್ಣ ಹೋಟೆಲುಗಳಿಗೆ ಅಂಕ ನೀಡಿದಾಗ ಕಂಡ ಸತ್ಯಗಳು

ವಾಣಿಜ್ಯ ಪದವಿಯ ತರಗತಿಯಲ್ಲಿ ಪಾಲುದಾರಿಕೆಯ ಲೆಕ್ಕಗಳನ್ನು ಕಲಿಯುವಾಗ ವಿದ್ಯಾರ್ಥಿಗೆ ‘ಗುಡ್‌ವಿಲ್’ ಎಂಬ ಪದದ ಪರಿಚಯವಾಗುತ್ತದೆ. 1810ರಷ್ಟು ಹಿಂದೆಯೇ ಇಂಗ್ಲೆಂಡಿನ ನ್ಯಾಯಾಧೀಶ ಲಾರ್ಡ್ ಎಲ್ಡನ್ ಅವರು ಒಂದು ತೀರ್ಪಿನಲ್ಲಿ ಅದಕ್ಕೆ ಬಹಳ ಸರಳವಾದ ಅರ್ಥವನ್ನು ಕೊಟ್ಟಿದ್ದರು: ಹಳೆಯ ಗಿರಾಕಿಗಳು ಹಳೆಯ ಜಾಗಕ್ಕೇ ಮರಳಿ ಬರುವ ಸಂಭವ. ಅದಕ್ಕಿಂತ ಹೆಚ್ಚಿನದೇನೂ ಅಲ್ಲ ಎಂಬುದು ಅವರ ಅಭಿಪ್ರಾಯವಾಗಿತ್ತು. ನಮ್ಮ ಅಕೌಂಟಿಂಗ್ ಸ್ಟ್ಯಾಂಡರ್ಡ್ 26ರ ಪ್ರಕಾರ, ವ್ಯಾಪಾರಿಯು ತಾನೇ ಬೆಳೆಸಿಕೊಂಡ ಗುಡ್‌ವಿಲ್ಲನ್ನು ಆಸ್ತಿಪಟ್ಟಿಯಲ್ಲಿ ಆಸ್ತಿಯೆಂದು ತೋರಿಸುವಂತಿಲ್ಲ. ಲೆಕ್ಕದ ಶಿಸ್ತಿನ ದೃಷ್ಟಿಯಿಂದ ಇದು ಸರಿಯಾದ ನಿಯಮ. ಆದರೆ ಪುಸ್ತಕದಲ್ಲಿ ಕಾಣಿಸದ ಆಸ್ತಿಯನ್ನು ಇಲ್ಲವೆಂದೇ ಭಾವಿಸುವ ಅಪಾಯವೂ ಅದರೊಳಗೆ ಅಡಗಿದೆ. ಆ ಅಪಾಯಕ್ಕೆ ನಾನೇ ಒಮ್ಮೆ ಕಾರಣನಾದೆ.

ಒಂದು ತಪ್ಪು ಸಲಹೆ

2004ರ ಮಾತು. ಜೆಪ್ಪು ಪರಿಸರದ ಒಂದು ಸಣ್ಣ ಹೋಟೆಲಿನ ಮಾಲೀಕರು ನನ್ನ ಕಕ್ಷಿದಾರರಾಗಿದ್ದರು. 1865ರಲ್ಲಿ ಬಾಸೆಲ್ ಮಿಶನ್ ಆರಂಭಿಸಿದ ಹಂಚಿನ ಕಾರ್ಖಾನೆಯಿಂದ ಹೆಸರಾದ ಪ್ರದೇಶವದು. ಕಾರ್ಖಾನೆಯ ಕೆಲಸಗಾರರು ಕಡಿಮೆಯಾದ ಮೇಲೆ ಅವರ ಹೋಟೆಲು ರಿಕ್ಷಾ ಚಾಲಕರನ್ನೂ ಹೊರೆಯಾಳುಗಳನ್ನೂ ನಂಬಿ ನಡೆಯುತ್ತಿತ್ತು. ಬೆಳಿಗ್ಗೆ ಹತ್ತು ಗಂಟೆಗೆ ಕುಚ್ಚಲಕ್ಕಿ ಗಂಜಿ, ಚಟ್ನಿ, ಉಪ್ಪಿನಕಾಯಿ. ಲಾಭ ಸಾಲದೆಂದು ಅವರು ಬಂದಾಗ ನಾನು ಒಂದೊಂದು ತಿಂಡಿಗೂ ಪ್ರತ್ಯೇಕವಾಗಿ ವೆಚ್ಚದ ಲೆಕ್ಕ ಹಾಕಿದೆ. ಗಂಜಿಯಲ್ಲಿ ಪ್ರತಿ ಬಟ್ಟಲಿಗೂ ನಷ್ಟ. ಅದರ ಮೇಲೆ, ಗಂಜಿ ಉಣ್ಣುವವರು ಮೇಜನ್ನು ಅರ್ಧ ಗಂಟೆ ಬಿಡುವುದಿಲ್ಲ. ಗಂಜಿ ನಿಲ್ಲಿಸಿ, ಆ ವೇಳೆಗೆ ಮಸಾಲೆ ದೋಸೆ ಕೊಡಿ ಎಂದು ಲಿಖಿತವಾಗಿಯೇ ಸಲಹೆ ನೀಡಿದೆ. ಅವರು ಹಾಗೆಯೇ ಮಾಡಿದರು.

ಒಂದೂವರೆ ವರ್ಷದೊಳಗೆ ಹೋಟೆಲು ಮುಚ್ಚಿತು. ಗಂಜಿಗೆ ಬರುತ್ತಿದ್ದವರೇ ಸಂಜೆ ಚಹಾ, ಗೋಳಿಬಜೆಗೂ ಬರುತ್ತಿದ್ದರು. ಊರಿಗೆ ಹೊಸಬರಾದ ಪ್ರಯಾಣಿಕರನ್ನು ಕರೆತಂದು ಬಾಗಿಲಲ್ಲಿ ಇಳಿಸುತ್ತಿದ್ದವರೂ ಅವರೇ. ಗಂಜಿಯ ನಷ್ಟ ನನ್ನ ಹಾಳೆಯಲ್ಲಿತ್ತು, ಗಂಜಿ ತಂದುಕೊಡುತ್ತಿದ್ದ ವ್ಯಾಪಾರ ಇರಲಿಲ್ಲ. ಕೊನೆಯ ವರ್ಷದ ಲೆಕ್ಕಪತ್ರಕ್ಕೆ ಸಹಿ ಹಾಕಲು ಬಂದಾಗ ಆ ಹಿರಿಯರು ನನ್ನನ್ನು ದೂರಲಿಲ್ಲ. “ನಿಮ್ಮ ಲೆಕ್ಕ ತಪ್ಪಿರಲಿಲ್ಲ ಸಾರ್. ಆದರೆ ನಾನು ನಿಮ್ಮಲ್ಲಿ ಬರುವ ಮೊದಲು ಅವರನ್ನೂ ಒಂದು ಮಾತು ಕೇಳಬೇಕಿತ್ತು” ಎಂದರು. ಆ ಮಾತು ಇಪ್ಪತ್ತು ವರ್ಷಗಳಿಂದ ನನ್ನ ಜೊತೆಗಿದೆ.

ಶೆಫೀಲ್ಡ್‌ನಲ್ಲಿ ಕಂಡ ಪದ್ಧತಿ

2022ರಲ್ಲಿ ತಂಗಿಯ ಮಗನ ಮನೆಗೆಂದು ಇಂಗ್ಲೆಂಡಿನ ಶೆಫೀಲ್ಡ್ ನಗರಕ್ಕೆ ಹೋಗಿದ್ದೆ. ಅವನ ನೆರೆಮನೆಯ ನಿವೃತ್ತರೊಬ್ಬರು ವಾರಕ್ಕೊಮ್ಮೆ ವಾಕ್ಲಿ, ಕ್ರುಕ್ಸ್, ಹಿಲ್ಸ್‌ಬರೊ ಮುಂತಾದ ಬಡಾವಣೆಗಳ ಪಬ್‌ಗಳಿಗೆ ಹೋಗಿ ಬಿಯರಿಗೆ ಸೊನ್ನೆಯಿಂದ ಐದರವರೆಗೆ ಅಂಕ ನೀಡುತ್ತಿದ್ದರು. ನಾನೂ ಒಂದು ಮಧ್ಯಾಹ್ನ ಅವರ ಜೊತೆಗೆ ಸುತ್ತಿದೆ, ನನ್ನ ಪಾಲಿಗೆ ನಿಂಬೆ ಪಾನೀಯ. ಇದು ಒಬ್ಬರ ಹವ್ಯಾಸವಲ್ಲವೆಂದು ಆಗ ತಿಳಿಯಿತು. 1971ರಲ್ಲಿ ಸ್ಥಾಪನೆಯಾದ ‘ಕಾಮ್ರಾ’ ಎಂಬ ಗ್ರಾಹಕರ ಸಂಘಟನೆಯ ಸದಸ್ಯರು ದೇಶದಾದ್ಯಂತ ಸ್ವಂತ ಖರ್ಚಿನಲ್ಲಿ ಈ ಕೆಲಸ ಮಾಡುತ್ತಾರೆ. 1974ರಿಂದ ಪ್ರಕಟವಾಗುತ್ತಿರುವ ‘ಗುಡ್ ಬಿಯರ್ ಗೈಡ್’ ಎಂಬ ಕೈಪಿಡಿಗೆ ಪಬ್‌ಗಳ ಆಯ್ಕೆ ನಡೆಯುವುದು ಸ್ಥಳೀಯ ಸದಸ್ಯರಿಂದಲೇ.

ಅಲ್ಲಿಯೂ ಬಡಾವಣೆಯ ಪಬ್‌ಗಳು ಮುಚ್ಚುತ್ತಿವೆ. 2011ರ ಲೋಕಲಿಸಂ ಕಾಯ್ದೆಯು ಒಂದು ಪಬ್ಬನ್ನು ‘ಸಮುದಾಯಕ್ಕೆ ಮೌಲ್ಯವುಳ್ಳ ಆಸ್ತಿ’ ಎಂದು ಪಟ್ಟಿ ಮಾಡಿಸಲು ಊರವರಿಗೆ ಅವಕಾಶ ನೀಡಿದೆ. ಅಂತಹ ಕಟ್ಟಡ ಮಾರಾಟಕ್ಕೆ ಬಂದಾಗ ಊರವರು ಆಸಕ್ತಿ ತೋರಿಸಿದರೆ, ಹಣ ಹೊಂದಿಸಿಕೊಳ್ಳಲು ಆರು ತಿಂಗಳ ಕಾಲಾವಕಾಶ ದೊರೆಯುತ್ತದೆ. ಲೆಕ್ಕಪುಸ್ತಕ ಗುರುತಿಸದ ಮೌಲ್ಯವನ್ನು ಕಾನೂನು ಗುರುತಿಸಿತು ಎನ್ನಬಹುದು.

ನಮ್ಮ ಊರಿನಲ್ಲಿ ಆ ಸ್ಥಾನ ಇರುವುದು ಹೋಟೆಲಿಗೆ. 1924ರಲ್ಲಿ ಬೆಂಗಳೂರಿನಲ್ಲಿ ಎಂ.ಟಿ.ಆರ್. ಸಂಸ್ಥೆಗೆ ಅಡಿಪಾಯ ಹಾಕಿದ ಮಯ್ಯ ಸಹೋದರರೂ, 1938ರಲ್ಲಿ ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಆರಂಭಿಸಿದ ಕೃಷ್ಣರಾಯರೂ ನಮ್ಮ ಕರಾವಳಿಯವರು. ಪರವೂರಿನಲ್ಲಿ ದೊಡ್ಡ ಹೆಸರು ಗಳಿಸಿದ ಈ ಉದ್ಯಮ ತವರಿನಲ್ಲಿ ಇಂದಿಗೂ ಹೆಚ್ಚಾಗಿ ನಾಲ್ಕಾರು ಮೇಜುಗಳ ಉದ್ಯಮ. ಅದರ ಆರೋಗ್ಯವನ್ನು ಪರೀಕ್ಷಿಸಬೇಕೆಂಬ ಆಲೋಚನೆ ಶೆಫೀಲ್ಡ್‌ನಲ್ಲಿ ಹುಟ್ಟಿತು.

ಅಂಕಪಟ್ಟಿ

2023ರ ಜನವರಿಯಿಂದ ಎರಡು ವರ್ಷ, ನಿವೃತ್ತ ಬ್ಯಾಂಕ್ ಅಧಿಕಾರಿಯಾದ ಗೆಳೆಯರೊಬ್ಬರ ಜೊತೆಗೂಡಿ 41 ಹೋಟೆಲುಗಳನ್ನು ನೋಡಿದೆ. ಹಂಪನಕಟ್ಟೆಯ ಸುತ್ತಲಿನ ಹೆಸರಾಂತ ಹೋಟೆಲುಗಳನ್ನು ಬಿಟ್ಟು, ಸುರತ್ಕಲ್, ಬೈಕಂಪಾಡಿ, ಕೂಳೂರು, ಕಾವೂರು, ಉರ್ವ, ಬಿಜೈ, ಬಿಕರ್ನಕಟ್ಟೆ, ಕುಲಶೇಖರ, ವಾಮಂಜೂರು, ಪಡೀಲ್, ಜೆಪ್ಪು ಹಾಗೂ ನೇತ್ರಾವತಿಯ ಆಚೆಯ ತೊಕ್ಕೊಟ್ಟುಗಳಿಗೆ ಮಾತ್ರ ಹೋದೆವು. ಪ್ರತಿ ಹೋಟೆಲಿಗೂ ಮೂರು ಭೇಟಿ: ಒಂದು ಬೆಳಿಗ್ಗೆ, ಒಂದು ಸಂಜೆ, ಒಂದು ಕಡ್ಡಾಯವಾಗಿ ಕೆಲಸದ ದಿನ. ಬಿಲ್ಲು ನಾವೇ ಕೊಡಬೇಕು, ಪರಿಚಯ ಹೇಳಿಕೊಳ್ಳಬಾರದು, ನನ್ನ ಕಕ್ಷಿದಾರರ ಹೋಟೆಲಿಗೆ ಅಂಕ ನೀಡಬಾರದು ಎಂಬುದು ನಿಯಮ.

ನೂರು ಅಂಕಗಳನ್ನು ಹೀಗೆ ಹಂಚಿದೆವು: ರುಚಿಗೆ 25, ಶುಚಿತ್ವಕ್ಕೆ 25, ದರಕ್ಕೆ 15, ಉಪಚಾರಕ್ಕೆ 15, ಉಳಿದ 20 ‘ಮರಳಿಕೆ’ಗೆ. ಮರಳಿಕೆಯನ್ನು ಅಳೆಯುವುದು ಹೇಗೆ? ಅರ್ಧ ಗಂಟೆ ಕುಳಿತು, ಒಳಗೆ ಬಂದವರಲ್ಲಿ ಎಷ್ಟು ಜನರಿಗೆ ಸಪ್ಲಾಯರ್ ಏನನ್ನೂ ಕೇಳದೆ ಅವರ ತಿಂಡಿಯನ್ನೋ ಲೋಟವನ್ನೋ ತಂದಿಟ್ಟ ಎಂಬುದನ್ನು ಎಣಿಸಿದೆವು. ಹತ್ತರಲ್ಲಿ ಐವರಿಗೆ ಹಾಗೆ ಬಂದರೆ ಪೂರ್ಣ ಅಂಕ. ಲಾರ್ಡ್ ಎಲ್ಡನ್ ಅವರ ವ್ಯಾಖ್ಯೆಯನ್ನು ಅಳೆಯಲು ಇದಕ್ಕಿಂತ ನೇರವಾದ ಕೋಲು ನಮಗೆ ಸಿಗಲಿಲ್ಲ.

ಹೊರಬಿದ್ದ ಅಂಶಗಳು

ಮೊದಲನೆಯದಾಗಿ, ರುಚಿಯಲ್ಲಿ ಅತಿ ಹೆಚ್ಚು ಅಂಕ ಪಡೆದ ಐದು ಹೋಟೆಲುಗಳ ಪೈಕಿ ಎರಡು ಮಾತ್ರ ಮರಳಿಕೆಯ ಮೊದಲ ಐದರಲ್ಲಿದ್ದವು. ಬನ್ಸ್, ಸಜ್ಜಿಗೆ-ಬಜಿಲ್, ನೀರುದೋಸೆ ಇವು ಬಹುತೇಕ ಎಲ್ಲ ಕಡೆ ಚೆನ್ನಾಗಿಯೇ ಇದ್ದವು. ಹಾಗಿರುವಾಗ ಗಿರಾಕಿಯನ್ನು ಕರೆತರುವುದು ರುಚಿಯ ಉತ್ತುಂಗವಲ್ಲ, ಏಕರೂಪತೆ. ನಿನ್ನೆಯ ಚಟ್ನಿಯೇ ಇಂದು ಸಿಗಬೇಕು. ಕಾರ್ಖಾನೆ ನಡೆಸುವವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಎರಡನೆಯದಾಗಿ, ಸಮಯ. ಬೈಕಂಪಾಡಿ ಕೈಗಾರಿಕಾ ಪ್ರದೇಶದ ಹೋಟೆಲೊಂದು ಬೆಳಿಗ್ಗೆ ಪಾಳಿ ಬದಲಾಗುವ ಮೊದಲೇ ತೆರೆಯುತ್ತದೆ. ನಮ್ಮ ಮೂರೂ ಭೇಟಿಗಳಲ್ಲಿ ಅಲ್ಲಿ ಮರಳಿಕೆಗೆ ಪೂರ್ಣ ಅಂಕ ಬಂತು. ಇನ್ನೊಂದು ಬಡಾವಣೆಯಲ್ಲಿ ಅದಕ್ಕಿಂತ ಒಳ್ಳೆಯ ಅಡುಗೆಯ ಹೋಟೆಲು ಎರಡು ಬಾರಿ ಸೂಚನೆಯಿಲ್ಲದೆ ಮುಚ್ಚಿತ್ತು. ಅಡುಗೆ ಭಟ್ಟರು ಸಿಗುತ್ತಿಲ್ಲ, ಮಕ್ಕಳು ಬೆಂಗಳೂರಿನಲ್ಲಿ ಅಥವಾ ಕೊಲ್ಲಿ ದೇಶದಲ್ಲಿದ್ದಾರೆ ಎಂಬುದು ಹಲವು ಮಾಲೀಕರ ನಿಜವಾದ ಸಂಕಟ. ಆದರೆ ಬಾಗಿಲವರೆಗೆ ಬಂದು ಹಿಂದಿರುಗಿದ ಗಿರಾಕಿಗೆ ಕಾಣುವುದು ಮುಚ್ಚಿದ ಬಾಗಿಲು ಮಾತ್ರ.

ಮೂರನೆಯದಾಗಿ, ಗಲ್ಲಾಪೆಟ್ಟಿಗೆಯ ಹಿಂದೆ ಯಾರು ಕುಳಿತಿದ್ದಾರೆ ಎಂಬುದು. ಮರಳಿಕೆಯ ಮೊದಲ ಐದು ಹೋಟೆಲುಗಳಲ್ಲಿ ನಾಲ್ಕರಲ್ಲಿ ಮಾಲೀಕರೋ ಅವರ ಮನೆಯವರೋ ಅಲ್ಲಿ ಇದ್ದರು. ದರ ಏರಿಸುವಾಗ ಒಂದು ವಾರ ಮೊದಲೇ ಬೋರ್ಡು ಹಾಕಿ, ಕೇಳಿದವರಿಗೆ ಕಾರಣ ಹೇಳಿದ ಹೋಟೆಲೊಂದನ್ನು ಕುಲಶೇಖರದ ಕಡೆ ಕಂಡೆವು. ದರ ಏರಿದ ಮೇಲಿನ ಭೇಟಿಯಲ್ಲೂ ಅದೇ ಮುಖಗಳು ಅಲ್ಲಿದ್ದವು.

ನಾಲ್ಕನೆಯದಾಗಿ, ನಮ್ಮ ಹೋಟೆಲುಗಳು ಹೆಚ್ಚು ಅಂಕ ಕಳೆದುಕೊಂಡದ್ದು ಶುಚಿತ್ವದಲ್ಲಿ, ಮುಖ್ಯವಾಗಿ ಲೋಟ ತೊಳೆಯುವ ನೀರು, ಕೈತೊಳೆಯುವ ಜಾಗ ಮತ್ತು ಕರಿದ ಎಣ್ಣೆಯ ವಿಷಯದಲ್ಲಿ. ಗೋಳಿಬಜೆ, ಬಿಸ್ಕುಟ್ ಅಂಬಡೆಗಳ ಊರಿನಲ್ಲಿ ಎಣ್ಣೆಯ ಪ್ರಶ್ನೆ ಸಣ್ಣದಲ್ಲ. ಕರಿದ ಎಣ್ಣೆಯಲ್ಲಿ ಒಟ್ಟು ಧ್ರುವೀಯ ಸಂಯುಕ್ತಗಳ ಪ್ರಮಾಣ ಶೇ. 25ನ್ನು ಮೀರಿದರೆ ಅದನ್ನು ಬಳಸುವಂತಿಲ್ಲ ಎಂಬ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಆಹಾರ ಸುರಕ್ಷತಾ ಪ್ರಾಧಿಕಾರ ಐದು ಅಂಕಗಳ ನೈರ್ಮಲ್ಯ ಶ್ರೇಣಿಯ ಯೋಜನೆಯನ್ನೂ ರೂಪಿಸಿದೆ. ಹೊರಗಿನವರು ಬಂದು ಅಂಕ ನೀಡುವ ಮೊದಲು ನಮಗೆ ನಾವೇ ಅಂಕ ನೀಡಿಕೊಳ್ಳುವುದು ಲೇಸು.

ತೆರಿಗೆಯ ಒಂದು ಮಾತು

ಕೆಲವು ಹೋಟೆಲುಗಳಲ್ಲಿ ಕ್ಯೂಆರ್ ಫಲಕವನ್ನು ಕಂಡರೂ ಹಣವನ್ನು ನಗದಾಗಿಯೇ ಕೇಳಿದರು. 2025ರ ಜುಲೈಯಲ್ಲಿ ಯುಪಿಐ ಮಾಹಿತಿಯ ಆಧಾರದಲ್ಲಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸುಗಳು ಬಂದ ಮೇಲೆ ಈ ಭಯ ಇನ್ನಷ್ಟು ಹರಡಿದೆ. ಭಯಕ್ಕಿಂತ ತಿಳಿವಳಿಕೆ ಉತ್ತಮ. ಹೋಟೆಲಿನ ವ್ಯವಹಾರ ಜಿಎಸ್‌ಟಿಯಲ್ಲಿ ಸೇವೆ. ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರಿದರೆ ನೋಂದಣಿ ಕಡ್ಡಾಯ. 40 ಲಕ್ಷದ ಮಿತಿ ಸರಕು ಮಾರುವವರಿಗೆ ಮಾತ್ರ. 2017ರ ನವೆಂಬರ್ 15ರಿಂದ ಸಾಮಾನ್ಯ ಹೋಟೆಲುಗಳಿಗೆ ತೆರಿಗೆ ಶೇ. 5, ಹೂಡುವಳಿ ತೆರಿಗೆಯ ಜಮೆ ಇಲ್ಲ. ಒಂದೂವರೆ ಕೋಟಿಯವರೆಗಿನ ವಹಿವಾಟಿಗೆ ಕಾಂಪೊಸಿಷನ್ ಪದ್ಧತಿಯಲ್ಲೂ ದರ ಶೇ. 5, ಅದರಲ್ಲಿ ದಾಖಲೆ, ರಿಟರ್ನ್‌ಗಳ ಹೊರೆ ಕಡಿಮೆ, ಆದರೆ ಗಿರಾಕಿಯಿಂದ ತೆರಿಗೆ ವಸೂಲಿ ಮಾಡುವಂತಿಲ್ಲ. ಇಷ್ಟನ್ನು ಅರಿತು ದರ ನಿಗದಿ ಮಾಡಿದರೆ ಕ್ಯೂಆರ್ ಫಲಕಕ್ಕೆ ಹೆದರಬೇಕಾದ ಕಾರಣವಿಲ್ಲ.

ನಕ್ಷತ್ರಗಳೂ ನಿತ್ಯದವರೂ

ಇಂದು ಮೊಬೈಲಿನಲ್ಲಿ ಯಾರು ಬೇಕಾದರೂ ಹೋಟೆಲಿಗೆ ನಕ್ಷತ್ರ ನೀಡಬಹುದು. ಅದನ್ನು ಅಲಕ್ಷಿಸಲು ಹೇಳಲಾರೆ. ಊರಿಗೆ ಹೊಸಬರಾದವರು ಅದನ್ನೇ ನೋಡಿ ಬರುತ್ತಾರೆ. ಆದರೆ ಮೂವತ್ತು ವರ್ಷ ಒಂದೇ ಮೂಲೆಯಲ್ಲಿ ಕುಳಿತು ಚಹಾ ಕುಡಿದವರು ನಕ್ಷತ್ರ ಕೊಡುವುದಿಲ್ಲ. ಅಸಮಾಧಾನವಾದರೆ ದೂರನ್ನೂ ಬರೆಯುವುದಿಲ್ಲ, ಬರುವುದನ್ನು ನಿಲ್ಲಿಸುತ್ತಾರೆ. ಜೆಪ್ಪುವಿನ ಆ ಹೋಟೆಲಿನಲ್ಲಿ ಆದದ್ದೂ ಇದೇ.

ನಮ್ಮ ಪಟ್ಟಿಯ ಹೆಸರುಗಳನ್ನು ಇಲ್ಲಿ ಪ್ರಕಟಿಸುತ್ತಿಲ್ಲ. ಇಬ್ಬರ ನಾಲಿಗೆಯ ಮೇಲೆ 41 ಕುಟುಂಬಗಳ ಜೀವನೋಪಾಯವನ್ನು ತೂಗುವುದು ನ್ಯಾಯವಲ್ಲ. ಆದರೆ ಎಲ್ಲಕ್ಕಿಂತ ಹೆಚ್ಚು, 88 ಅಂಕ ಪಡೆದ ಬೈಕಂಪಾಡಿಯ ಹೋಟೆಲಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಅಲ್ಲಿ ಇಂದಿಗೂ ಗಂಜಿ ಇದೆ. ಅಂಕಗಳನ್ನು ಬರೆದು ಮುಗಿಸಿದ ಮೇಲೆ ನನ್ನ ಪರಿಚಯ ಹೇಳಿಕೊಂಡು, ಗಂಜಿಯಲ್ಲಿ ಎಷ್ಟು ಉಳಿಯುತ್ತದೆ ಎಂದು ಮಾಲೀಕರನ್ನು ಕೇಳಿದೆ. “ಅದರಲ್ಲಿ ಎಂತ ಉಳಿಯುವುದು ಸಾರ್? ಅದು ಇದ್ದರೆ ಜನ ಉಳಿಯುತ್ತಾರೆ” ಎಂದರು. ಈ ಬಾರಿ ನಾನು ಯಾವ ಸಲಹೆಯನ್ನೂ ಕೊಡಲಿಲ್ಲ.

ಸದಸ್ಯ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೆ. ನಿಮ್ಮದು ಹೋಟೆಲಾಗಿರಲಿ, ಜವುಳಿ ಅಂಗಡಿಯಾಗಿರಲಿ, ಸಣ್ಣ ಕಾರ್ಖಾನೆಯಾಗಿರಲಿ, ನಷ್ಟದ ವಸ್ತುವೊಂದನ್ನು ಕೈಬಿಡುವ ಮೊದಲು ಅದನ್ನು ಕೊಳ್ಳುವವರು ಯಾರು, ಅವರು ಮತ್ತೇನನ್ನು ಕೊಳ್ಳುತ್ತಾರೆ ಎಂಬುದನ್ನು ಒಂದು ತಿಂಗಳು ಬರೆದಿಡಿ. ಆ ಹಾಳೆಯನ್ನೂ ವೆಚ್ಚದ ಹಾಳೆಯನ್ನೂ ಒಟ್ಟಿಗೆ ತೆಗೆದುಕೊಂಡು ನಿಮ್ಮ ಲೆಕ್ಕಪರಿಶೋಧಕರಲ್ಲಿಗೆ ಹೋಗಿ. ಅವರು ಕೇಳದಿದ್ದರೆ ನೀವೇ ತೋರಿಸಿ. 2004ರಲ್ಲಿ ನಾನು ಕೇಳಿರಲಿಲ್ಲ.