ಸುಳ್ಳಾಡದ ಬಿಷಪ್ಪರು

‘ಸಾಹೇಬರು ಹೊರಗೆ ಹೋಗಿದ್ದಾರೆ’ ಎಂದು ಕಚೇರಿಯಲ್ಲಿ ನಾವು ದಿನಕ್ಕೊಮ್ಮೆಯಾದರೂ ಹೇಳುವವರು. ಸಾಹೇಬರು ಒಳಗೇ ಕುಳಿತಿರುತ್ತಾರೆ. ಇದರಿಂದ ಯಾರಿಗೇನು ನಷ್ಟ? ಆದರೆ ಕಥೋಲಿಕ ನೀತಿಶಾಸ್ತ್ರ ಈ ರಿಯಾಯತಿ ಕೊಡುವುದಿಲ್ಲ. ಉದ್ದೇಶ ಎಷ್ಟೇ ಒಳ್ಳೆಯದಿರಲಿ, ಕೆಲವು ಕೃತ್ಯಗಳು ಎಂದೆಂದಿಗೂ ಕೆಟ್ಟವೇ ಎಂದು ಪೋಪ್ ಎರಡನೆಯ ಜಾನ್ ಪಾಲರು 1993ರಲ್ಲಿ ಬಿಷಪ್ಪರಿಗೆ ಬರೆದ ಪತ್ರದಲ್ಲಿ ಮತ್ತೊಮ್ಮೆ ಸಾರಿದರು.

ಹಾಗಾದರೆ ಪ್ರಾಣ ಉಳಿಸುವ ಸುಳ್ಳು? ಕರ್ಣಪರ್ವದ ಕೌಶಿಕ, ಜನರು ಅಡಗಿದ ಜಾಗವನ್ನು ದಸ್ಯುಗಳಿಗೆ ದಿಟವಾಗಿ ಹೇಳಿ ನರಕಕ್ಕೆ ಹೋದ. ಅಲ್ಲಿ ಸುಳ್ಳೇ ಧರ್ಮವೆಂಬುದು ಕೃಷ್ಣನ ಮಾತು. ಸಂತ ಅಗಸ್ಟೀನರು ಸುಮಾರು 395ರಲ್ಲಿ, ಸುಳ್ಳನ್ನು ಕುರಿತ ತಮ್ಮ ಗ್ರಂಥದಲ್ಲಿ, ಮೂರನೆಯ ದಾರಿ ತೋರಿಸುತ್ತಾರೆ. ಉತ್ತರ ಆಫ್ರಿಕದ ತಗಾಸ್ತೆ ಅವರ ಹುಟ್ಟೂರು. ಹಿಂದೆ ಅಲ್ಲಿ ಫಿರ್ಮುಸ್ ಎಂಬ ಬಿಷಪ್ಪರಿದ್ದರು. ಮೊರೆಹೊಕ್ಕವನೊಬ್ಬನನ್ನು ಬಚ್ಚಿಟ್ಟಿದ್ದರು. ಚಕ್ರವರ್ತಿಯ ಆಳುಗಳು ಬಂದು ಕೇಳಿದಾಗ, ಸುಳ್ಳನ್ನೂ ಆಡಲಾರೆ, ಅವನನ್ನೂ ಒಪ್ಪಿಸಲಾರೆ ಎಂದರು. ಚಿತ್ರಹಿಂಸೆಗೂ ಬಾಯಿ ಬಿಡಲಿಲ್ಲ. ಕೊನೆಗೆ ಚಕ್ರವರ್ತಿಯೇ ಮೆಚ್ಚಿ, ಅವರು ಬೇಡಿದಂತೆ ಅಡಗಿದ್ದವನಿಗೆ ಕ್ಷಮೆಯಿತ್ತನು.

ಎಲ್ಲ ಚಕ್ರವರ್ತಿಗಳೂ ಮೆಚ್ಚುವವರಲ್ಲ, ನಿಜ. ನಮ್ಮ ಬೆನ್ನೂ ಅಷ್ಟು ಗಟ್ಟಿಯಿಲ್ಲ. ಆದರೂ ಮೊನ್ನೆ ಮುದುಕರೊಬ್ಬರು ಅರ್ಜಿ ಹಿಡಿದು ಬಂದಾಗ, ‘ಒಳಗಿದ್ದಾರೆ, ಬಿಡಲು ಅಪ್ಪಣೆಯಿಲ್ಲ’ ಎಂದುಬಿಟ್ಟೆವು. ಅವರು ಸಂಜೆಯವರೆಗೂ ಬೆಂಚು ಬಿಟ್ಟೇಳಲಿಲ್ಲ. ಸಾಹೇಬರು ಎರಡು ದಿನ ನಮ್ಮೊಡನೆ ಮಾತಾಡಲಿಲ್ಲ.