ಆಯುಧವಿಲ್ಲದೆ ರಣರಂಗಕ್ಕೆ ಧುಮುಕಿದ ಪಾದ್ರಿ

1944ನೆಯ ಇಸವಿ ಜೂನ್ 6. ಇನ್ನೂ ಬೆಳಕು ಹರಿದಿರಲಿಲ್ಲ. ಫ್ರಾನ್ಸಿನ ನಾರ್ಮಂಡಿ ಪ್ರಾಂತದಲ್ಲಿ ಪ್ಯಾರಾಷೂಟಿನಿಂದ ಇಳಿದ ಫ್ರಾನ್ಸಿಸ್ ಸ್ಯಾಂಪ್ಸನ್ ತಲೆ ಮುಳುಗುವಷ್ಟು ನೀರಿಗೆ ಬಿದ್ದರು. ಮೈಮೇಲಿನ ಭಾರವನ್ನೆಲ್ಲ ಕತ್ತರಿಸಿ ಹಾಕಿ ಹೇಗೋ ಪ್ರಾಣ ಉಳಿಸಿಕೊಂಡರು. ಉಳಿಸಿಕೊಂಡವರು ದಡ ಸೇರಿ ಸುಮ್ಮನಾಗದೆ ಅದೇ ನೀರಿನಲ್ಲಿ ಮತ್ತೆ ಮತ್ತೆ ಮುಳುಗತೊಡಗಿದರು. ಅವರು ಹುಡುಕುತ್ತಿದ್ದುದು ಬಂದೂಕವನ್ನಲ್ಲ, ಪೂಜಾಸಾಮಗ್ರಿಯ ಪೆಟ್ಟಿಗೆಯನ್ನು! ಸೇನೆಯ ಪಾದ್ರಿಗೆ ಆಯುಧವೆಲ್ಲಿಯದು?

ಅಮೆರಿಕದ ಅಯೋವಾ ಸಂಸ್ಥಾನದಲ್ಲಿ 1912ರಲ್ಲಿ ಜನಿಸಿದ ಸ್ಯಾಂಪ್ಸನ್, 1941ರಲ್ಲಿ ಕ್ಯಾಥೊಲಿಕ್ ಗುರುದೀಕ್ಷೆ ಪಡೆದರು. ಛತ್ರೀದಳಕ್ಕೆ ಹೆಸರು ಕೊಟ್ಟಾಗ ಪಾದ್ರಿಯೂ ವಿಮಾನದಿಂದ ಹಾರಬೇಕೆಂಬುದು ಅವರಿಗೆ ತಿಳಿದಿರಲಿಲ್ಲವಂತೆ. ತಿಳಿದಿದ್ದರೆ ಆ ಕಡೆ ಕಿವಿಗೊಡುತ್ತಲೇ ಇರಲಿಲ್ಲವೆಂದು ಮುಂದೆ ಅವರೇ ಬರೆದುಕೊಂಡಿದ್ದಾರೆ.

ನಾರ್ಮಂಡಿಯ ಹೊಲಮನೆಯೊಂದರಲ್ಲಿ ಅವರಿಗೆ ಸತ್ವಪರೀಕ್ಷೆ ಕಾದಿತ್ತು. ಜರ್ಮನರು ಸಮೀಪಿಸಿದಾಗ ಅಮೆರಿಕದ ಸೈನಿಕರು ಹಿಂದೆಗೆಯಬೇಕಾಯಿತು. ನಡೆಯಲಾರದ ಗಾಯಾಳುಗಳು ಮಾತ್ರ ಉಳಿದರು. ಅವರೊಡನೆ ಸ್ಯಾಂಪ್ಸನ್ನರೂ ಉಳಿದರು. ಬಿಳಿಯ ಬಟ್ಟೆ ಹಿಡಿದು ಹೊರಬಂದ ಅವರನ್ನು ಇಬ್ಬರು ಜರ್ಮನ್ ಸೈನಿಕರು ಎಳೆದೊಯ್ದು, ಗುಂಡಿಕ್ಕಲು ನಿಲ್ಲಿಸಿದರು. ಅಂತ್ಯಕಾಲದಲ್ಲಿ ಹೇಳಬೇಕಾದುದು ಪಶ್ಚಾತ್ತಾಪದ ಪ್ರಾರ್ಥನೆ. ಗಾಬರಿಯಲ್ಲಿ ಅವರ ನಾಲಗೆಗೆ ಬಂದುದು ಊಟಕ್ಕೆ ಮುನ್ನ ಹೇಳುವ ಪ್ರಾರ್ಥನೆ! ಅದನ್ನೇ ಮತ್ತೆ ಮತ್ತೆ ಪಠಿಸಿದರು. ಎಷ್ಟೋ ಜನರಿಗೆ ಸಾಯುವಾಗ ಧೈರ್ಯ ಹೇಳಿದ ಗುರುವಿನ ಗತಿಯೂ ಹೀಗೆ. ಅಷ್ಟರಲ್ಲಿ ಮತ್ತೊಬ್ಬ ಜರ್ಮನ್ ಧಾವಿಸಿ ಬಂದು ಅವರನ್ನು ಬಿಡಿಸಿದ, ಅವನೂ ಕ್ಯಾಥೊಲಿಕನೇ. ಬಿಡುಗಡೆಯಾದೊಡನೆ ಸ್ಯಾಂಪ್ಸನ್ ಓಡಿಹೋಗದೆ ಗಾಯಾಳುಗಳ ಬಳಿಗೇ ಮರಳಿದರು. ಈ ಸೇವೆಗೆ ಸಂದದ್ದು ಅಮೆರಿಕದ ಸೇನೆಯ ಎರಡನೆಯ ಅತ್ಯುನ್ನತ ಶೌರ್ಯಪದಕ.

ಆ ವರ್ಷದ ಡಿಸೆಂಬರಿನಲ್ಲಿ ಬೆಲ್ಜಿಯಮಿನ ಬಾಸ್ಟೋನ್ ಬಳಿ ಅವರು ಮತ್ತೆ ಸೆರೆಸಿಕ್ಕಿ, ಯುದ್ಧ ಮುಗಿಯುವವರೆಗೂ ಜರ್ಮನಿಯ ಶಿಬಿರದಲ್ಲಿದ್ದರು. 1950ರಲ್ಲಿ ಕೊರಿಯದಲ್ಲಿಯೂ ಪ್ಯಾರಾಷೂಟಿನಿಂದ ಧುಮುಕಿದರು. ವಿಯೆಟ್ನಾಂ ಯುದ್ಧದ ದಿನಗಳಲ್ಲಿ, 1967ರಿಂದ 1971ರವರೆಗೆ, ಮೇಜರ್ ಜನರಲ್ ಪದವಿಯಲ್ಲಿ ಸೇನೆಯ ಪಾದ್ರಿಗಳಿಗೆಲ್ಲ ಮುಖ್ಯಸ್ಥರಾಗಿದ್ದರು. 1996ರಲ್ಲಿ ನಿಧನರಾದರು.

ಇಷ್ಟೆಲ್ಲ ಹುದ್ದೆಗಳಿಗಿಂತ ಅವರ ಹೆಸರನ್ನು ಉಳಿಸಿದ್ದು ನಾರ್ಮಂಡಿಯದೇ ಇನ್ನೊಂದು ಸಂಗತಿ. ಫ್ರಿಟ್ಸ್ ನೈಲ್ಯಾಂಡ್ ಎಂಬ ತರುಣ ಸೈನಿಕನ ಇಬ್ಬರು ಅಣ್ಣಂದಿರು ಅಲ್ಲಿ ಒಂದೇ ದಿನದ ಅಂತರದಲ್ಲಿ ಮಡಿದಿದ್ದರು. ಮೂರನೆಯವನು ಬರ್ಮಾದಲ್ಲಿ ಕಾಣೆಯಾಗಿದ್ದ, ಸತ್ತನೆಂದೇ ಎಲ್ಲರೂ ಬಗೆದಿದ್ದರು. ಅಣ್ಣನ ಸಮಾಧಿಯನ್ನರಸುತ್ತಿದ್ದ ಫ್ರಿಟ್ಸನನ್ನು ಸ್ಯಾಂಪ್ಸನ್ ತಮ್ಮ ಜೀಪಿನಲ್ಲಿ ಕರೆದೊಯ್ದರು. ಬಳಿಕ ಅವನನ್ನು ತಾಯಿಯ ಬಳಿಗೆ ಕಳುಹಿಸಲು ಪತ್ರವ್ಯವಹಾರ ನಡೆಸಿದರು. 1998ರಲ್ಲಿ ತೆರೆಕಂಡ ಪ್ರಸಿದ್ಧ ಚಲಚ್ಚಿತ್ರ 'ಸೇವಿಂಗ್ ಪ್ರೈವೇಟ್ ರಯನ್'ಗೆ ಈ ಸೋದರರ ಕಥೆಯೂ ಒಂದು ಪ್ರೇರಣೆ. ಫ್ರಿಟ್ಸ್ ಊರು ಸೇರಿದ. ಸತ್ತನೆಂದು ಬಗೆದಿದ್ದ ಅಣ್ಣನೂ 1945ರಲ್ಲಿ ಬರ್ಮಾದ ಜಪಾನೀ ಸೆರೆಯಿಂದ ಬದುಕಿ ಬಂದ.