ನಟರ ನುಡಿಗೆ ಮಣಿದ ನಿರ್ದೇಶಕ

ರಂಗನಿರ್ದೇಶಕ ಹಬೀಬ್ ತನ್ವೀರ್ ಹುಟ್ಟಿದ್ದು 1923ರಲ್ಲಿ, ರಾಯಪುರದಲ್ಲಿ. ‘ತನ್ವೀರ್’ ಎಂಬುದು ಕವಿತೆ ಬರೆಯಲೆಂದು ತಾವೇ ಇಟ್ಟುಕೊಂಡ ಹೆಸರು. ಮುಂಬಯಿಯ ಇಪ್ಟಾ ರಂಗಸಂಘಟನೆಯ ಒಡನಾಟ ಮುಗಿಸಿ ದೆಹಲಿಗೆ ಬಂದವರು 1954ರಲ್ಲಿ ‘ಆಗ್ರಾ ಬಾಜಾರ್’ ಕಟ್ಟಿದರು. ಅದು ನಜೀರ್ ಅಕ್ಬರಾಬಾದಿ ಎಂಬ ಕವಿಯ ಕುರಿತ ನಾಟಕ, ಆದರೆ ಕವಿ ರಂಗದ ಮೇಲೆ ಬರುವುದೇ ಇಲ್ಲ! ಬರುವವನು ವ್ಯಾಪಾರವಾಗದ ಸೌತೆಕಾಯಿ ಮಾರುವವ. ತನ್ನ ಸೌತೆಕಾಯಿಯ ಮೇಲೆ ನಜೀರ್ ಪದ್ಯ ಕಟ್ಟಿಕೊಟ್ಟ ಮೇಲೆ ಅವನ ಬುಟ್ಟಿ ಖಾಲಿ. ದೆಹಲಿಯ ಜಾಮಿಯಾ ಮಿಲಿಯಾ ವಿದ್ಯಾರ್ಥಿಗಳ ಜೊತೆ ಓಖ್ಲಾ ಹಳ್ಳಿಯವರೂ ಅದರಲ್ಲಿ ಬಣ್ಣ ಹಚ್ಚಿದ್ದರು.

ಆಮೇಲೆ ಲಂಡನ್ನಿನ ರಾಡಾ ನಾಟಕಶಾಲೆಯಲ್ಲಿ, ಬ್ರಿಸ್ಟಲ್ಲಿನಲ್ಲಿ ಕಲಿಕೆ, ಬರ್ಲಿನ್‌ನಲ್ಲಿ ನಾಟಕಕಾರ ಬ್ರೆಕ್ಟ್‌ನ ತಂಡದ ನಾಟಕಗಳು. ಮರಳಿ ಬಂದವರು 1958ರಲ್ಲಿ ಛತ್ತೀಸ್‌ಗಢದ ಆರು ನಾಚಾ ಕಲಾವಿದರನ್ನು ಕರೆಸಿ ಸಂಸ್ಕೃತ ನಾಟಕ ‘ಮೃಚ್ಛಕಟಿಕ’ವನ್ನು ಆಡಿಸಿದರು. ನಾಚಾ ಎಂದರೆ ಹಾಡು, ಕುಣಿತ, ನಗೆ ಬೆರೆತ ರಾತ್ರಿಯಾಟ. ಮರುವರ್ಷ ಹೆಂಡತಿ ಮೋನಿಕಾ ಮಿಶ್ರಾ ಜೊತೆ ‘ನಯಾ ಥಿಯೇಟರ್’ ಹುಟ್ಟಿತು.

ಆದರೆ ಊರಲ್ಲಿ ಜನರನ್ನು ಬೆಳಗಿನತನಕ ಹಿಡಿದಿಡುತ್ತಿದ್ದ ಆ ನಟರು ಇವರ ತಾಲೀಮಿನಲ್ಲಿ ಮರಗಟ್ಟಿದರು. ಬಹಳ ವರ್ಷಗಳ ಮೇಲೆ ಹಬೀಬ್‌ಗೆ ಕಾರಣ ಹೊಳೆಯಿತು. ನಟರ ಬಾಯಲ್ಲಿ ತಮ್ಮದಲ್ಲದ ಹಿಂದಿ ತುರುಕಿದ್ದಾಯಿತು. ಮೂರು ಕಡೆ ಕೂತ ಜನರತ್ತ ತಿರುಗಿ ಆಡಿದವರಿಗೆ ಇಲ್ಲಿ ನಿಲ್ಲು, ಅಲ್ಲಿ ನಡೆ ಎಂದು ಗೆರೆ ಎಳೆದದ್ದಾಯಿತು. ಎರಡನ್ನೂ ಬಿಟ್ಟರು. ನಟರು ಛತ್ತೀಸ್‌ಗಢಿಯಲ್ಲೇ ಮಾತು ಕಟ್ಟಲಿ, ತಾನು ತಿದ್ದಿ ಹೊಂದಿಸಿದರಾಯಿತು ಎಂದುಕೊಂಡರು. ಬರ್ಲಿನ್ ಕಲಿಸಿದ್ದಕ್ಕಿಂತ ದೊಡ್ಡ ಪಾಠ ಇದೆಂದೇ ನನ್ನ ಎಣಿಕೆ.

1975ರ ‘ಚರಣದಾಸ ಚೋರ’ ಹಾಗೆ ಬೆಳೆದದ್ದು. ಕಥೆ ವಿಜಯದಾನ್ ದೇಥಾ ಅವರದು. ಸುಳ್ಳಾಡೆನೆಂದೂ ರಾಣಿಯನ್ನು ಮದುವೆಯಾಗೆನೆಂದೂ ಗುರುವಿಗೆ ಮಾತು ಕೊಟ್ಟ ಕಳ್ಳ, ರಾಣಿಯೇ ಕೇಳಿದರೂ ಕೈ ಹಿಡಿಯಲೊಲ್ಲ. ಈ ವಿಷಯ ಯಾರಿಗೂ ಹೇಳಬೇಡವೆಂದು ರಾಣಿ ಬೇಡಿದರೆ ಅದಕ್ಕೂ ಒಪ್ಪಲೊಲ್ಲ. ಸಾಯುತ್ತಾನೆ. ರಾಣಿಯಾಗಿ ಫಿದಾಬಾಯಿಯವರನ್ನು ನೋಡಿದವರು ಮರೆಯಲಿಲ್ಲ. 1982ರಲ್ಲಿ ಎಡಿನ್‌ಬರೋದಲ್ಲೂ ಈ ನಾಟಕ ಪ್ರಶಸ್ತಿ ಗೆದ್ದಿತು.

ನಟರೇ ಮಾತು ಕಟ್ಟಿದ ಇಂಥ ನಾಟಕಗಳಿಗೆ ಕರ್ತೃ ಯಾರು ಎಂದು ಕೇಳುವವರಿದ್ದಾರೆ, ಕೇಳಬೇಕಾದದ್ದೇ. ಆದರೆ ಹಬೀಬ್ ಆಡಿಸಿದ, ಅಸ್ಪೃಶ್ಯತೆಯನ್ನು ಗೇಲಿ ಮಾಡುವ ‘ಪೊಂಗಾ ಪಂಡಿತ್’ ಅವರು ಬರೆದದ್ದೇ ಅಲ್ಲ, ನಾಚಾದವರು ಹಿಂದಿನಿಂದ ಆಡುತ್ತಿದ್ದ ಪ್ರಹಸನ. ತೊಂಬತ್ತರ ದಶಕದಿಂದ ಅದರ ಪ್ರದರ್ಶನಗಳಿಗೆ ಗಲಾಟೆಯವರು ನುಗ್ಗತೊಡಗಿದಾಗ, ಇದು ನನ್ನದಲ್ಲ ಎಂದು ಹಬೀಬ್ ಕೈತೊಳೆದುಕೊಳ್ಳಬಹುದಿತ್ತು. ಎಂಬತ್ತು ವಯಸ್ಸಿನ ಹೊಸ್ತಿಲಲ್ಲೂ ತಂಡ ಕಟ್ಟಿಕೊಂಡು ಅದನ್ನು ಆಡಿಸುತ್ತಲೇ ಹೋದರು.